ಥೇಲ್ಸನ ನೆರಳು, ನನ್ನ ಹಟ

ಮಕ್ಕಳ ಹೋಂವರ್ಕ್‌ನಲ್ಲಿ ಮೂಗು ತೂರಿಸಬಾರದೆಂದು ಗೊತ್ತಿದ್ದೂ ತೂರಿಸುವ ಅಪ್ಪಂದಿರ ಪೈಕಿ ನಾನು ಮೊದಲ ಸಾಲಿನವನು. ಜರ್ಮನಿಯ ಅಬ್‌ಸ್ಟಾಟಿನಲ್ಲಿ ಕಾರಿನ ಬ್ರೇಕಿಗೆ ಸೆನ್ಸರ್ ಮಾಡುವುದು ನನ್ನ ಹೊಟ್ಟೆಪಾಡು. ಅಳತೆ ಎಂದರೆ ಸಾಕು, ಕಿವಿ ನಿಮಿರುತ್ತದೆ. ಏಳನೇ ಕ್ಲಾಸಿನ ಮಗಳು ಸಾನ್ವಿ, ಹಳೆಯ ಗ್ರೀಕ್ ತತ್ತ್ವಜ್ಞಾನಿಗಳ ವಿಜ್ಞಾನದ ಬಗ್ಗೆ ಸೋಮವಾರ ಕ್ಲಾಸಿನ ಮುಂದೆ ನಿಂತು ರೆಫರಾಟ್ ಕೊಡಬೇಕು, ಅಂದರೆ ವಿಷಯ ಮಂಡಿಸಬೇಕು ಎಂದಾಗ ನಾನು ಸುಮ್ಮನಿರಬಹುದಿತ್ತು. ಆದರೆ ದೇವರ ಸಿಟ್ಟನ್ನು ಬದಿಗಿಟ್ಟು ಭೂಕಂಪಕ್ಕೆ ಕಾರಣ ಹುಡುಕಿದ ಥೇಲ್ಸ್, ಭೂಮಿ ಯಾವ ಆಸರೆಯೂ ಇಲ್ಲದೆ ನಿಂತಿದೆ ಎಂದ ಅನಾಕ್ಸಿಮಾಂಡರ್, ಇಂಥವರನ್ನು ಇಂಟರ್ನೆಟ್ಟಿನಿಂದ ಓದಿ ಒಪ್ಪಿಸುವುದೇ?

"ಥೇಲ್ಸ್ ಪಿರಮಿಡ್ ಹೆಂಗ ಅಳದ ಗೊತ್ತೇನು? ತನ್ನ ನೆರಳು ತನ್ನಷ್ಟ ಆಗೂತನಕ ಕಾದ. ಆ ಹೊತ್ತಿಗೆ ಪಿರಮಿಡ್ಡಿನ ನೆರಳೂ ಪಿರಮಿಡ್ಡಿನಷ್ಟ! ನಾವು ಮನಿ ಹಿಂದಿನ ಸ್ಪ್ರೂಸ್ ಮರ ಅಳಿಯೋಣು," ಎಂದೆ.

ಅದು ಫೆಬ್ರವರಿ. ವಾರವಿಡೀ ಮುಖ ಮುಚ್ಚಿಕೊಂಡಿದ್ದ ಸೂರ್ಯ ಭಾನುವಾರ ಬೆಳಿಗ್ಗೆ ಹೊರಬಂದ. ಹುಲ್ಲಿನ ಮೇಲೆ ನನ್ನ ಎತ್ತರದಷ್ಟೇ ದೂರಕ್ಕೆ ಗುರುತು ಹಾಕಿ, ನೆರಳು ಅಲ್ಲಿಗಿಳಿಯಲೆಂದು ಕಂಬದಂತೆ ನಿಂತೆ. ಬಾಗಲಕೋಟೆಯ ಬಿಸಿಲಲ್ಲಿ ಬೆಳೆದವನಿಗೆ, ಮಧ್ಯಾಹ್ನ ನೆರಳು ಬಂದು ಕಾಲಬುಡದಲ್ಲಿ ಮುದುಡುವುದು ಊಟದಷ್ಟೇ ಖಾತ್ರಿ. ಮಗಳು, "ಪಪ್ಪಾ, ಗೇಟ್ ನಿಶ್ಟ್, ಆಗೂದಿಲ್ಲ," ಎಂದು ಜರ್ಮನ್ ಬೆರೆಸಿ ಹೇಳಿದಳು. ತಾಳ್ಮೆಯಿಲ್ಲದೆ ವಿಜ್ಞಾನವಿಲ್ಲ ಎಂದು ಗದರಿದೆ. ಆಮೇಲೆ ಅವಳು ಟೇಪು ಹಿಡಿದು ಅತ್ತಿತ್ತ ಓಡಾಡಿದಳು, ಬೇಜಾರಾಗಿರಬೇಕು ಎಂದುಕೊಂಡೆ. ಕಿಟಕಿಯಿಂದ ಹೆಂಡತಿ ಕೂಗಿದಳು: "ರೀ, ನಿಮ್ಮ ನೆರಳು ಹೇಳಿದ ಮಾತು ಕೇಳೂದಿಲ್ಲ, ನೀವರ ಕೇಳ್ರಿ. ರೊಟ್ಟಿ ಆರಾಕತ್ತಾವ!" ಥೇಲ್ಸನನ್ನು ಯಾರೂ ರೊಟ್ಟಿಗೆ ಕರೆದಿರಲಿಕ್ಕಿಲ್ಲ. ಬೆರಳು ಮರಗಟ್ಟಿದರೂ ನಾನು ಜಗ್ಗಲಿಲ್ಲ.

ಮಧ್ಯಾಹ್ನ ದಾಟಿತು. ಗುರುತಿಗಿಂತ ಎಷ್ಟೋ ಆಚೆಯೇ ಇದ್ದ ನೆರಳು ಮತ್ತೆ ಉದ್ದವಾಗತೊಡಗಿತು. ಆಗ ಹೊಳೆಯಿತು: ಈ ದೇಶದ ಚಳಿಗಾಲದ ಸೂರ್ಯ ಅಷ್ಟು ಮೇಲೆ ಏರುವುದೇ ಇಲ್ಲ. ನಾನು ಏಪ್ರಿಲ್‌ವರೆಗೆ ನಿಲ್ಲಬೇಕಿತ್ತು! ಅಷ್ಟರಲ್ಲಿ ಮೋಡವೂ ಕವಿಯಿತು. ಮಗಳ ರೆಫರಾಟನ್ನು ಹಾಳು ಮಾಡಿದೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಒಳಗೆ ಹೋಗಿ ತಣ್ಣಗಾದ ರೊಟ್ಟಿ ಮುರಿದೆ.

ಸೋಮವಾರ ಸಾನ್ವಿ ಕುಣಿಯುತ್ತ ಬಂದಳು. "ಛಲೋ ಆತು ಪಪ್ಪಾ! ನೆರಳು ನಿನ್ನಷ್ಟ ಆಗಬೇಕಂತ ಇಲ್ಲ. ನಿನಗಿಂತ ಎಷ್ಟು ಪಟ್ಟು ಉದ್ದ ಐತಿ ನೋಡೂದು, ಮರದ ನೆರಳನ್ನ ಅಷ್ಟರಿಂದ ಭಾಗಿಸೂದು. ನೀ ನಿಂತಾಗ ಎರಡೂ ಅಳದಿದ್ದೆ." ಕ್ಲಾಸಿಗೆ ತೋರಿಸಿದ ಚಿತ್ರವನ್ನೂ ಬಿಚ್ಚಿದಳು. ಒಂದು ಕಡೆ ಮರ, ಇನ್ನೊಂದು ಕಡೆ ಉಣ್ಣೆ ಟೋಪಿಯ ನಾನು. ನನ್ನ ಕೆಳಗೆ ಜರ್ಮನ್‌ನಲ್ಲಿ 'ಅಳತೆಯ ಕೋಲು' ಎಂದು ಬರೆದಿತ್ತು.

"ಮತ್ತ ಆವಾಗ ಯಾಕ ಹೇಳಲಿಲ್ಲ? ಸುಮ್ನ ಚಳಿಯಾಗ ನಿಂತೆನಲ್ಲ!"

"ಹೇಳಿದ್ರ ನೀ ಅಲುಗಾಡ್ತಿದ್ದಿ."