ಗೋಡೆಯ ಮೇಲಿನ ಎಂ, ಡಿ, ಆರ್

ಗುಬ್ಬಿಯ ಅಂಚಿನಲ್ಲಿ, ರಸ್ತೆಗೆ ಮೂಗು ಚಾಚಿಕೊಂಡು ನಿಂತ ಮನೆ ಗಂಗಾಧರನದು. ಹಿಂದಿನ ದಿನ ಹೆಂಡತಿ ಭಾನುಪ್ರಿಯಾಳೊಂದಿಗೆ ಕುಣಿಗಲ್ಲಿನ ನಾಮಕರಣಕ್ಕೆ ಹೋಗಿದ್ದವನು ಮರಳಿದಾಗ ಕತ್ತಲಾಗಿತ್ತು. ಬೆಳಿಗ್ಗೆ ಹಾಲಿಗೆಂದು ಗೇಟು ತೆಗೆದಾಗಲೇ ಕಾಂಪೌಂಡು ಗೋಡೆ ಕಣ್ಣಿಗೆ ಬಿದ್ದದ್ದು. ಅದರ ಮೇಲೆ ಕೆಂಪು ಬಣ್ಣದಲ್ಲಿ ಮೂರು ಇಂಗ್ಲಿಷ್ ಅಕ್ಷರ: ಎಂ, ಡಿ, ಆರ್. ಕೊನೆಯ ಅಕ್ಷರದ ಕಾಲಿನಿಂದ ಬಣ್ಣ ಸೋರಿ, ರಕ್ತದಂತೆ ಒಣಗಿತ್ತು. ಆಚೀಚೆ ನೋಡಿದ. ಬೀದಿಯಲ್ಲಿ ಬೇರಾರ ಗೋಡೆಯ ಮೇಲೂ ಒಂದು ಚುಕ್ಕೆಯಿರಲಿಲ್ಲ.

ಅಷ್ಟರಲ್ಲಿ ಎದುರುಮನೆಯ ನಿವೃತ್ತ ಮೇಷ್ಟ್ರು ಚಿಕ್ಕರಂಗಯ್ಯ ಪೇಪರು ಹಿಡಿದು ಬಂದರು. ದಿನಾ ಪದಬಂಧ ತುಂಬದೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ.

"ಇದು ಪದ ಅಲ್ಲ ಕಣೋ ಗಂಗಾಧರ, ಪದದ ಮೂಳೆ," ಎಂದರು ಕನ್ನಡಕ ಏರಿಸಿ. "ಮಧ್ಯದ ಅಕ್ಷರ ಬಿಟ್ಟವ್ರೆ. ಈ ಮೂರೂ ಇರೋ ಪದ ಯಾವ್ದು ಅಂತ ನಾವೇ ಹುಡುಕ್ಬೇಕು. ಡ್ರೀಮ್ ಆಗುತ್ತೆ. ಧರ್ಮ ಅಂತ ಇಂಗ್ಲಿಷಲ್ಲಿ ಬರೆದ್ರೂ ಆಗುತ್ತೆ."

"ನನ್ನ ಗೋಡೆ ಮೇಲೆ ಧರ್ಮ ಯಾರು ಬರೀತಾರೆ ಸಾರ್?"

ಅದೂ ನಿಜವೆನಿಸಿತು ಮೇಷ್ಟ್ರಿಗೆ. ಮೂಲೆಯ ಮೊಬೈಲ್ ಅಂಗಡಿಯ ಅಂಜನ್‌ಕುಮಾರನನ್ನು ಕೂಗಿದರು. ಅವನು ಹಲ್ಲುಜ್ಜುವ ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡೇ ಬಂದ.

"ಇದಕ್ಕೇ ಒಂದು ವೆಬ್‌ಸೈಟೈತೆ ಅಣ್ಣ. ಅಕ್ಷರ ಹೊಡೆದ್ರೆ, ಅವು ಇರೋ ಪದ ಎಲ್ಲಾ ಉದುರ್ತವೆ." ಫೋನಿನಲ್ಲಿ ಹೊಡೆದ. ಉದುರಿದವು. "ಡ್ರಮ್. ಮಡ್‌ಗಾರ್ಡ್. ಮ್ಯಾರೀಡ್." ಗಂಗಾಧರ ಕೊಂಚ ಉಸಿರಾಡಿದ. ಅಂಜನ್‌ಕುಮಾರ್ ಬ್ರಶ್ಶನ್ನು ಬಾಯಿಂದ ತೆಗೆದು ಕೈಗೆ ತೆಗೆದುಕೊಂಡ. "ಮರ್ಡರ್."

ಆಮೇಲೆ ಪರದೆಯನ್ನು ಇನ್ನಷ್ಟು ಕೆಳಕ್ಕೆ ಸರಿಸಿದ.

"ಡಿಸ್‌ಮೆಂಬರ್ ಅಂತಾನೂ ಐತೆ. ಏನ್ ಸಾರ್ ಹಂಗಂದ್ರೆ?"

"ಕೈಕಾಲು ಬೇರೆಬೇರೆ ಮಾಡೋದು," ಎಂದರು ಮೇಷ್ಟ್ರು, ಪಾಠ ಹೇಳುವ ದನಿಯಲ್ಲಿ.

"ಆಮೇಲೆ ಕ್ರಿಮೇಟೆಡ್."

"ಸುಟ್ಟಿದ್ದು. ಕ್ರಮವಾಗೇ ಐತಲ್ಲೋ ಇದು."

ಗಂಗಾಧರ ಅಂತರಸನಹಳ್ಳಿಯ ಕಾರ್ಖಾನೆಗೆ ಫೋನು ಮಾಡಿ, ಜ್ವರ ಎಂದು ರಜೆ ಹೇಳಿದ. ಸುಳ್ಳೇನಲ್ಲ; ಮೈ ನಿಜಕ್ಕೂ ನಡುಗುತ್ತಿತ್ತು.

"ನಿಂಗೆ ಆಗದೋರು ಯಾರವ್ರೆ?" ಎಂದು ಮೇಷ್ಟ್ರು ಕೇಳಿದರು. ಉತ್ತರ ಮೂವರಿಗೂ ಗೊತ್ತಿತ್ತು. ಹಿಂದಿನ ಮನೆಯ ಕೊಬ್ಬರಿ ವ್ಯಾಪಾರಿ ಅಪ್ಪಾಜಿ. ಎರಡು ಮನೆಗಳ ನಡುವಿನ ಓಣಿ ತನ್ನದೆಂದು ಅವನ ವಾದ, ತನ್ನದೆಂದು ಗಂಗಾಧರನ ವಾದ. ಹೋದ ವಾರವಷ್ಟೇ ಅಪ್ಪಾಜಿ ಬೀದಿಗೆಲ್ಲ ಕೇಳುವಂತೆ, "ನಿಂಗೂ ಒಂದಿನ ಐತೆ ಬುಡು," ಎಂದಿದ್ದ.

ಅಂಜನ್‌ಕುಮಾರ್ ಹಿಂದಕ್ಕೆ ಹೋಗಿ ಇಣುಕಿ, ಓಡಿಬಂದ. "ಅಣ್ಣ, ಅಪ್ಪಾಜಿ ಟೆಂಪೋಗೆ ಬಣ್ಣ ಬಳೀತಾವ್ನೆ."

"ಯಾವ ಬಣ್ಣ?"

"ಕೆಂಪು."

ಗಂಗಾಧರ ಒಳಗೆ ಹೋಗಿ ಬಾಗಿಲ ಚಿಲಕ ಹಾಕಿ, ಮಂಚವನ್ನೆಳೆದು ಅಡ್ಡ ಇಟ್ಟ. ಸಾಲದೆಂದು ಅಕ್ಕಿ ಡಬ್ಬವನ್ನೂ ತಂದಿಟ್ಟ. ಭಾನುಪ್ರಿಯಾ ಅಡುಗೆಮನೆಯಿಂದಲೇ, "ಅಕ್ಕಿ ಅಲ್ಲಿಟ್ರೆ ಅನ್ನ ಏತರಲ್ಲಿ ಮಾಡ್ಲಿ?" ಎಂದಳು. ಅವನಿಗೆ ಅನ್ನದ ಯೋಚನೆಯಿರಲಿಲ್ಲ. ಫ್ಯಾನಿನ ಸದ್ದೂ ಮಚ್ಚು ಮಸೆದಂತೆ ಕೇಳಿಸುತ್ತಿತ್ತು. ಅದನ್ನು ಆರಿಸಿ, ಬೆವರುತ್ತ ಕೂತ.

ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಕಿಟಕಿಯ ಸಂದಿಯಿಂದ ನೋಡಿದ. ಅಪ್ಪಾಜಿ. ಒಂದು ಕೈಯಲ್ಲಿ ಎಳನೀರು, ಇನ್ನೊಂದರಲ್ಲಿ ಮಚ್ಚು. ಹಿಂದೆ ತಮಾಷೆ ನೋಡಲು ಮೇಷ್ಟ್ರು, ಅಂಜನ್‌ಕುಮಾರ್.

"ಗಂಗಾಧರ, ಬಾಗ್ಲು ತೆಗಿ. ಒಂದ್ ಮಾತ್ ಹೇಳ್ಬೇಕು. ಆ ಓಣಿ ವಿಚಾರ..."

"ಓಣಿ ನಿಂದೇ ಅಪ್ಪಾಜಣ್ಣ," ಎಂದ ಗಂಗಾಧರ ಕಿಟಕಿಯಿಂದಲೇ. "ಪೂರ್ತಿ ನಿಂದೇ. ಮೇಷ್ಟ್ರು ಸಾಕ್ಷಿ. ಇವತ್ತೇ ಟೆಂಪೋ ನಿಲ್ಲಿಸ್ಕೋ, ಗೋಡೆ ಎತ್ಕೋ. ನನ್ನ ಮಾತ್ರ ಬಿಟ್ಬುಡು."

ಅಪ್ಪಾಜಿ ಬಾಯಿ ತೆರೆದವನು ಹಾಗೇ ನಿಂತ. ಮೇಷ್ಟ್ರ ಮುಖ ನೋಡಿದ, ಮಚ್ಚು ನೋಡಿಕೊಂಡ. ಆಮೇಲೆ ಎಳನೀರನ್ನು ಮೆಟ್ಟಿಲ ಮೇಲಿಟ್ಟು, ಹೊರಟುಹೋದ. ಸ್ವಲ್ಪ ಹೊತ್ತಿಗೆ ಟೆಂಪೋ ಓಣಿಯೊಳಕ್ಕೆ ಗುರುಗುಟ್ಟುತ್ತ ಬಂದು ನಿಂತಿತು.

ಜೀವ ಉಳಿಯಿತೆಂದು ಗಂಗಾಧರ ಬ್ರಶ್ಶು, ಬಕೆಟ್ಟು ಹಿಡಿದು ಗೋಡೆ ಉಜ್ಜತೊಡಗಿದ. ಎಂ ಅರ್ಧ ಅಳಿಸುವಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಇಳಿದವರು ಇಂಜಿನಿಯರು, ಜೊತೆಗೆ ಟೇಪು ಹಿಡಿದ ಇಬ್ಬರು.

"ಯಾಕ್ರೀ ಅಳಿಸ್ತಿದೀರಾ? ನಿನ್ನೆ ತಾನೆ ಮಾರ್ಕ್ ಮಾಡ್ಸಿದೀನಿ."

"ಇದು... ನಿಮ್ದಾ ಸಾರ್?"

"ಮೇಜರ್ ಡಿಸ್ಟ್ರಿಕ್ಟ್ ರೋಡ್. ಜಿಲ್ಲಾ ಮುಖ್ಯ ರಸ್ತೆ. ಅಗಲ ಮಾಡ್ತಿದೀವಿ."

ಗಂಗಾಧರ ಬಕೆಟ್ಟಿನ ಪಕ್ಕದಲ್ಲೇ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಅಷ್ಟೇನಾ ಸಾರ್? ಕಾಫಿ ತಗೊಳಿ ಸಾರ್," ಎಂದ.

"ಕಾಫಿ ಇರ್ಲಿ. ಬೀದೀಲಿ ನಿಮ್ದೊಂದೇ ಮನೆ ಮುಂದಕ್ಕೆ ಬಂದಿರೋದು. ಕಾಂಪೌಂಡು, ಮುಂದಿನ ರೂಮು, ಎರಡೂ ರಸ್ತೆ ಜಾಗದಲ್ಲಿವೆ. ಹೋಗ್ತವೆ. ನೋಟಿಸು ಬರುತ್ತೆ."

ನಗು ಅರ್ಧಕ್ಕೇ ನಿಂತಿತು.

"ಯೋಚ್ನೆ ಮಾಡ್ಬೇಡಿ," ಎಂದರು ಇಂಜಿನಿಯರು ಮೆತ್ತಗೆ. "ಹಿಂದ್ಗಡೆ ನಿಮ್ದೊಂದು ಓಣಿ ಇದೆಯಲ್ಲ. ನಕ್ಷೆಲೂ ನಿಮ್ದೇ ಅಂತ ಇದೆ. ಒಂದು ರೂಮು ಆರಾಮಾಗಿ ಅಲ್ಲಿಗೆ ಹಾಕೋಬಹುದು."

ಅಂಜನ್‌ಕುಮಾರ್ ಫೋನಿನಿಂದ ತಲೆಯೆತ್ತಿದ. "ಡಿಮಾಲಿಶರ್ ಅಂತಾನೂ ಇತ್ತು ಅಣ್ಣ. ಕೆಡವೋನು ಅಂತೆ. ಮೂರನೇ ಪುಟದಲ್ಲಿತ್ತು, ನಾನು ಅಲ್ಲೀಗಂಟ ಹೋಗ್ಲಿಲ್ಲ."

ಗಂಗಾಧರ ಒದ್ದೆ ಕೈಯಲ್ಲೇ ಹಿಂದಕ್ಕೆ ಓಡಿದ. ಅಪ್ಪಾಜಿ ಓಣಿಯಲ್ಲಿ ಟೆಂಪೋಗೆ ಎರಡನೇ ಕೋಟು ಬಳಿಯುತ್ತಿದ್ದ. ಇವನ ಕತೆಯೆಲ್ಲ ಕೇಳಿ, ಬ್ರಶ್ಶನ್ನು ಡಬ್ಬದ ಅಂಚಿಗೆ ಒರೆಸಿದ.

"ನನ್ ಮಗಳಿಗೆ ಗಂಡು ಗೊತ್ತಾಯ್ತು ಕಣೋ. ಶುಭಕಾರ್ಯದ ಮನೇಲಿ ಅಕ್ಕಪಕ್ಕದೋರ ತಾವ ಜಗಳ ಬ್ಯಾಡ ಅಂದ್ಳು ನನ್ನೆಂಡ್ರು. ಓಣಿ ನೀನೇ ಇಟ್ಕೋ ಅಂತ ಹೇಳಿ, ಎಳನೀರು ಕೆತ್ತಿ ಕೊಡಾನ ಅಂತ ಬಂದಿದ್ದೆ. ನೀನು ಬಾಯಿ ತೆಗಿಯಾಕೆ ಬುಟ್ಟರಲ್ವಾ?"

"ಹಂಗಾದ್ರೆ ಅಣ್ಣ, ಈಗ..."

"ಈಗ ಎಲ್ಲಾಯ್ತದೆ?" ಅಪ್ಪಾಜಿ ಬ್ರಶ್ಶನ್ನು ಮತ್ತೆ ಬಣ್ಣಕ್ಕೆ ಅದ್ದಿದ. "ಚಪ್ಪರ ಇಲ್ಲೇ ಅಂತ ಬೀಗರಿಗೆ ಫೋನ್ ಮಾಡ್ಬುಟ್ಟೆ."