ವಿಭೂತಿ ಹಚ್ಚಿದ ಲ್ಯಾಪ್‌ಟಾಪು

“ಸುಷ್ಮಾ, ನಿಂಗೊಂದು ಮಾತು ಹೇಳ್ಬೇಕು ಕಣೇ...” ಎಂದು ಬಾಯಿ ತೆರೆದ ಧರಣಿ ಹಾಗೇ ನಿಂತುಬಿಟ್ಟ.

ಸತ್ತು ವರ್ಷವಾಗುತ್ತ ಬಂದ ಗಂಡ ಹೀಗೆ ಹೆಂಡತಿಯನ್ನು ಮಾತಿನ ನಡುವೆ ಕಾಯಿಸಬಾರದು. ಆದರೆ ತಪ್ಪು ಅವನದಲ್ಲ, ಲ್ಯಾಪ್‌ಟಾಪಿನದು ಎಂಬುದು ಸುಷ್ಮಾಳ ನಂಬಿಕೆ. ಧರಣಿಗೆ ಗೇಮ್ ಆಡುವ ಹುಚ್ಚು. ಆಡಿದ್ದನ್ನು ರೆಕಾರ್ಡ್ ಮಾಡಿ ಗೆಳೆಯರಿಗೆ ಕಳಿಸುತ್ತಿದ್ದ. ಪರದೆಯ ತುಂಬ ಗುಂಡಿನ ಕಾಳಗ, ಮೂಲೆಯಲ್ಲಿ ಅವನ ಮುಖ. ಈಗ ಅವಳು ಹಾಕಿದ್ದು ಅಂಥ ಕೊನೆಯ ವಿಡಿಯೋ. ಅದಾದ ವಾರದಲ್ಲೇ ರಿಂಗ್ ರೋಡಿನಲ್ಲಿ ಅವನ ಬೈಕಿಗೆ ಲಾರಿ ಅಡ್ಡ ಬಂತು. ವಿಡಿಯೋ ತೆಗೆದದ್ದು ಯಾವುದೋ ಮಾಮೂಲಿ ದಿನ, ಅವಳಿಗೆ ನೆನಪಿಲ್ಲ. ಅವನು ಹೇಳಬೇಕೆಂದಿದ್ದ ಮಾತು ಆ ಕಪ್ಪು ಪೆಟ್ಟಿಗೆಯೊಳಗೇ ಇತ್ತು.

ಪ್ರತಿ ಸಲವೂ ಅದೇ ಜಾಗದಲ್ಲಿ ಚಿತ್ರ ನಿಲ್ಲುತ್ತಿತ್ತು. ಅಷ್ಟು ಹೊತ್ತಿಗೆ ಫ್ಯಾನು ಕಬ್ಬಿನಹಾಲಿನ ಯಂತ್ರದಂತೆ ಅರಚಿ, ತಳ ದೋಸೆ ಹೆಂಚಾಗಿರುತ್ತಿತ್ತು. ಕೀಬೋರ್ಡಿನ ದೀಪಗಳು ಮಾತ್ರ ದಸರಾ ಬೀದಿಯಂತೆ ಖುಷಿಯಾಗಿ ಬಣ್ಣ ಬದಲಿಸುತ್ತಿದ್ದವು. ಸುಟ್ಟೇ ಹೋದೀತೆಂದು ಅವಳು ಬಟನ್ ಅದುಮಿ ಆರಿಸುತ್ತಿದ್ದಳು. ಆ ಬೆಳಿಗ್ಗೆಯಂತೂ ಅದು ಆನ್ ಆಗುವುದಕ್ಕೇ ಹಟ ಮಾಡಿತು. ಇವತ್ತೇ ಏನಾದರೂ ಮಾಡದಿದ್ದರೆ ಇದೂ ಹೋಗುತ್ತದೆ ಅನ್ನಿಸಿತು.

ಸದ್ದು ಕೇಳಿ ಕೆಳಗಿನ ಮನೆಯಿಂದ ಓನರ್ ಸಿದ್ದಲಿಂಗಸ್ವಾಮಿ ಹತ್ತಿ ಬಂದರು. “ಏನಮ್ಮ, ಮಿಕ್ಸಿ ಕೆಟ್ಟೋಯ್ತಾ?”

ಸುಷ್ಮಾ ವಿಷಯ ಹೇಳಿದಳು. ಅವರು ಕನ್ನಡಕ ಏರಿಸಿ, ಕೇಳದೆಯೇ ಮುಂದೆ ಕೂತರು. “ಇದಕ್ಕೇನೂ ಆಗಿಲ್ಲ ಕಣಮ್ಮ. ಮೆಮೊರಿ ಫುಲ್ ಆಗದೆ. ಹಳೇದೆಲ್ಲ ತೆಗೆದಾಕಿಬುಟ್ರೆ ಹಗುರ ಆಯ್ತದೆ.”

ಈ ಮಾತನ್ನು ಸುಷ್ಮಾ ವರ್ಷದಿಂದ ಕೇಳುತ್ತಿದ್ದಳು. ಲ್ಯಾಪ್‌ಟಾಪಿಗೆ ಅನ್ವಯಿಸಿ ಕೇಳಿದ್ದು ಇದೇ ಮೊದಲು.

“ಈ ಆಟಗಳು ಎಷ್ಟ್ ಜಾಗ ತಿಂತಾವೆ ನೋಡು! ಆಡೋರೇ ಇಲ್ದಿದ್ಮೇಲೆ ಇವ್ಯಾಕೆ?” ಎನ್ನುತ್ತ ಅವರು, ಬದನೆಕಾಯಿಯಲ್ಲಿ ಹುಳುಕು ಆರಿಸುವವರಂತೆ, ಧರಣಿ ವರ್ಷಗಟ್ಟಲೆ ಆಡಿ ಗೆದ್ದದ್ದನ್ನೆಲ್ಲ ಒಂದೊಂದಾಗಿ ಅಳಿಸಿದರು. “ವಿಡಿಯೋ ಮುಟ್ಟಬೇಡಿ ಅಂಕಲ್” ಎಂದು ಅವಳು ಕೈ ಅಡ್ಡ ಹಿಡಿದದ್ದರಿಂದ ಅದೊಂದು ಉಳಿಯಿತು. ಮತ್ತೆ ಹಾಕಿದರೆ ಧರಣಿ ಅಲ್ಲೇ ನಿಂತ. ಫ್ಯಾನು ಇನ್ನೂ ಜೋರಾಗಿ ಅರಚಿತು.

ಅಷ್ಟರಲ್ಲಿ ಎದುರು ಮನೆಯ ಕೆಂಚಮ್ಮ ಹೊಸ್ತಿಲಲ್ಲಿದ್ದಳು. ಬಂದವಳೇ ಲ್ಯಾಪ್‌ಟಾಪಿನ ಮೈ ಮುಟ್ಟಿ ನೋಡಿದಳು. “ಅಯ್ಯೋ, ಕೆಂಡ ಕಣವ್ವ ಇದು! ಮಗೀಗೆ ಇಂಗೆ ಜ್ವರ ಬಂದ್ರೆ ಸುಮ್ನೆ ನೋಡ್ಕಂಡು ಕುಂತ್ಕಂಡಿರ್ತೀಯಾ?”

ಸುಷ್ಮಾ ಓನರಿಗೆ ನೀರು ತರಲು ಒಳಗೆ ಹೋಗಿ ಬರುವುದರೊಳಗೆ ಲ್ಯಾಪ್‌ಟಾಪಿನ ಬೆನ್ನ ಮೇಲೆ ಒದ್ದೆ ಬಟ್ಟೆ ಬಿದ್ದಿತ್ತು. ಅದು ಒಂದು ಸಲ ಬಿಕ್ಕಿ, ದೀಪಗಳನ್ನೆಲ್ಲ ಆರಿಸಿಕೊಂಡು ತಣ್ಣಗಾಯಿತು.

“ನೋಡ್ದ್ರಾ, ಇಳೀತು ಜ್ವರ” ಎಂದಳು ಕೆಂಚಮ್ಮ.

ವಿಜಯನಗರದ ರಿಪೇರಿ ಅಂಗಡಿಗೆ ಹೊರಟ ಆಟೋದಲ್ಲಿ ಅತ್ತೆ, ಧರಣಿಯ ತಾಯಿ ಪ್ರೇಮಲೀಲಾ ಕೂಡ ಹತ್ತಿದರು. ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡವರು ದಾರಿಯುದ್ದಕ್ಕೂ ಅದರ ಮೇಲಿಂದ ಕೈ ತೆಗೆಯಲಿಲ್ಲ. ಅಂಗಡಿಯ ಲಿಖಿತ್ ಸ್ಕ್ರೂ ಬಿಚ್ಚಿ, ತಳ ತೆಗೆದು, ಮೂಗು ಹತ್ತಿರ ತಂದ.

“ಇದೇನ್ ಮೇಡಂ, ಒಳಗಡೆ ವಿಭೂತಿ ಗಟ್ಟಿ ಮಾಡ್ತಿದ್ದೀರಾ?”

ನಿಜವೇ. ಫ್ಯಾನಿನ ಎಸಳುಗಳ ನಡುವೆ ಬಿಳಿ ಪುಡಿ ಸೇರಿ, ಕೆಂಚಮ್ಮನ ನೀರು ಕುಡಿದು, ಮಠದಲ್ಲಿ ಮಾರಬಹುದಾದಂಥ ಒಳ್ಳೆಯ ಗಟ್ಟಿಯಾಗಿತ್ತು. ಸುಷ್ಮಾ ಅತ್ತೆಯ ಕಡೆ ತಿರುಗಿದಳು.

“ದಿನಾ ಅವ್ನ ಹಣೆಗೆ ಹಚ್ತಿದ್ದೆ” ಎಂದರು ಪ್ರೇಮಲೀಲಾ. “ಈಗ ಪೂಜೆ ಆದ್ಮೇಲೆ ಇದಕ್ಕೆ ಹಚ್ತೀನಿ. ಇದರ ಹಣೆ ಯಾವ ಕಡೆ ಅಂತ ನಂಗೇನ್ ಗೊತ್ತು? ಹಿಂದ್ಗಡೆ ಗೀರು ಗೀರು ಇತ್ತಲ್ಲ, ಮೂರ್ ಬೆರಳು ಸರಿಯಾಗಿ ಕೂರ್ತಿತ್ತು.”

ಲಿಖಿತ್ ನಗಲು ಹೋಗಿ, ಇಬ್ಬರ ಮುಖ ನೋಡಿ, ಸುಮ್ಮನೆ ಬ್ರಶ್ ಎತ್ತಿಕೊಂಡ. ವಿಭೂತಿ ಗಾಳಿ ಬರುವ ದಾರಿಯನ್ನೇ ಮುಚ್ಚಿದ್ದರಿಂದ ಅದು ಕಾದು ಕಾದು ನಿಧಾನವಾಗಿತ್ತು. ಜೊತೆಗೆ, ಕೆಲಸದ ಹೊತ್ತಿನ ನೆನಪು ಹಿಡಿದಿಡುವ ಒಂದು ರ್‍ಯಾಮ್ ಕಡ್ಡಿಯೂ ಜಾಗದಿಂದ ಸಡಿಲಾಗಿತ್ತು. “ಆಟ ಅಳಿಸಿದ್ರೆ ಏನ್ ಬಂತು ಮೇಡಂ? ಅದು ಗೋಡೌನ್ ಖಾಲಿ ಮಾಡ್ದಂಗೆ. ಜನ ನೂಕಾಡ್ತಿದ್ದಿದ್ದು ಕೌಂಟರ್ ಹತ್ರ.” ಎಲ್ಲ ಒಣಗಿಸಿ, ಕಡ್ಡಿ ಕೂರಿಸಿ, ಕೈಗೆ ಕೊಟ್ಟ. “ಈಗ ಕುದುರೆ ಇದು. ವಿಭೂತಿ ಮಾತ್ರ ಬೇಡಮ್ಮ.”

ಸಂಜೆ ಬೋಗಾದಿಯ ಮನೆಗೆ ಮರಳಿದಾಗ ಓನರೂ ಕೆಂಚಮ್ಮನೂ ಮೆಟ್ಟಿಲ ಮೇಲೇ ಕಾದಿದ್ದರು. ಸತ್ತವನ ಕೊನೆಯ ಮಾತು ಕೇಳಲು ಎಲ್ಲರಿಗೂ ಅವರವರ ಕಾರಣವಿತ್ತು.

“ಟೆರೇಸ್ ಬೀಗದ ಕೈ ಇಸ್ಕಂಡಿದ್ದ, ಅದನ್ನ ಎಲ್ಲಿಟ್ಟೆ ಅಂತ ಹೇಳಿರ್ಬೇಕು, ನೋಡ್ತಿರಿ” ಎಂದರು ಸಿದ್ದಲಿಂಗಸ್ವಾಮಿ.

“ಅಮ್ಮನ್ನ ಚೆನ್ನಾಗ್ ನೋಡ್ಕೋ ಅಂದಿರ್ತಾನೆ” ಎಂದರು ಪ್ರೇಮಲೀಲಾ, ಸೆರಗಿನ ತುದಿ ಹಿಡಿದು.

ಸುಷ್ಮಾ ಪರದೆ ಎತ್ತಿದಳು. ವಿಡಿಯೋ ಹಾಕಿದಳು. ಫ್ಯಾನಿನ ಸದ್ದೇ ಇಲ್ಲ. ತಳ ನೀರಿನ ಬಿಂದಿಗೆಯಷ್ಟು ತಂಪು. ಗುಂಡುಗಳು ಹಾರಿದವು. ಧರಣಿ ಮೂಲೆಯಲ್ಲಿ ಕತ್ತು ಹೊರಳಿಸಿ, “ಸುಷ್ಮಾ, ನಿಂಗೊಂದು ಮಾತು ಹೇಳ್ಬೇಕು ಕಣೇ...” ಎಂದು ಬಾಯಿ ತೆರೆದ. ನಿಂತ.

“ನಾನ್ ಹೇಳ್ಲಿಲ್ವಾ, ಮೆಮೊರಿ!” ಎಂದರು ಓನರ್.

ಅವಳ ಬೆರಳು ಅಭ್ಯಾಸದಂತೆ ಬಟನ್ನಿನ ಮೇಲೆ ಹೋಯಿತು. ಆರಿಸುವ ಮೊದಲು ಕಣ್ಣು ಪರದೆಯ ಕೆಳಗೆ ಬಿತ್ತು. ವಿಡಿಯೋದ ಸೆಕೆಂಡುಗಳು ಒಂದರ ಹಿಂದೊಂದು ಓಡುತ್ತಲೇ ಇದ್ದವು. ಲ್ಯಾಪ್‌ಟಾಪು ನಿಂತಿರಲಿಲ್ಲ. ಅದು ನಿಂತದ್ದು ರೆಕಾರ್ಡ್ ಮಾಡಿದ ಆ ದಿನ, ಅವನ ಕೈಯಲ್ಲಿ. ನಿಂತದ್ದೂ ರೆಕಾರ್ಡ್ ಆಗಿತ್ತು. ಕುದುರೆಯಂಥ ಲ್ಯಾಪ್‌ಟಾಪು ಆ ನಿಂತ ಹೊತ್ತನ್ನು ಒಂದಿಷ್ಟೂ ತಡವರಿಸದೆ ತೋರಿಸುತ್ತಿತ್ತು.

ಅವಳು ಬೆರಳು ತೆಗೆದಳು. ಧರಣಿ ಅರ್ಧ ತೆರೆದ ಬಾಯಲ್ಲಿ ಕಾಯಿಸಿದ, ಕಾಯಿಸಿದ. ಆಮೇಲೆ ಚಿತ್ರ ಒಮ್ಮೆ ನಡುಗಿ ಚಲಿಸಿತು.

“ಥತ್, ಹ್ಯಾಂಗ್ ಆಗ್ಬುಡ್ತು!” ಅವನು ಮೇಜಿಗೆ ಗುದ್ದಿದ. ಬಾಗಿಲ ಕಡೆ ನೋಡಿ ತಲೆ ಕೆರೆದುಕೊಂಡ. “ಏನೋ ಹೇಳೋಣ ಅಂತಿದ್ದೆ ಕಣೇ, ಮರ್ತೇ ಹೋಯ್ತು. ಆಮೇಲ್ ಹೇಳ್ತೀನಿ ಬುಡು.”

ವಿಡಿಯೋದೊಳಗೇ ದೂರದಿಂದ, ಒಗ್ಗರಣೆಯ ಚಟಪಟ ಸದ್ದಿನ ಹಿಂದಿನಿಂದ, ಒಂದು ಹೆಣ್ಣು ದನಿ ನಿರಾಳವಾಗಿ ಕೂಗಿತು. ಅದು ತನ್ನದೇ ಎಂದು ತಿಳಿಯಲು ಸುಷ್ಮಾಳಿಗೆ ತುಸು ಹೊತ್ತು ಹಿಡಿಯಿತು.

“ಆಯ್ತು ಬಿಡ್ರೀ, ಅರ್ಜೆಂಟೇನಿಲ್ಲ.”