ರೈಡ್ ಇಲ್ಲದ ಕಂಟ್ರೋಲರ್

ನನ್ನನ್ನು ಜಿಪುಣ ಎನ್ನುವುದು ನನ್ನ ಹೆಂಡತಿ ಯಮುನಳ ನಿತ್ಯಪಾರಾಯಣ. ನಾನು ಅದನ್ನು ಮಿತವ್ಯಯ ಎನ್ನುತ್ತೇನೆ. ಸಿದ್ದಾಪುರದ ಹತ್ತಿರ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ನಾನು, ಆಫೀಸಿನವರು ಬಿಸಾಡಿದ ಕಂಪ್ಯೂಟರನ್ನು ಮನೆಗೆ ತಂದು, ಪುಕ್ಕಟೆ ಸಿಗುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿ ಓಡಿಸುತ್ತಿದ್ದೇನೆ. (ಅವರ ಕೈಯಲ್ಲಿ ಅದು ಓಡಿರಲಿಲ್ಲ.)

ತೊಂದರೆ ಬಂದದ್ದು ಮಗಳು ಅಶ್ವಿತಾಳ ಮದುವೆ ಫೋಟೋಗಳಿಂದ. ಅವು ತುಂಬಿದ್ದ ಎರಡು ಡಿಸ್ಕುಗಳನ್ನು ಸಿಕ್ಕಿಸಲು ಆ ಕಂಪ್ಯೂಟರಿನೊಳಗೆ ಜಾಗವಿಲ್ಲ. ಅದಕ್ಕೆ ಡಿಸ್ಕ್ ಕಂಟ್ರೋಲರ್ ಎಂಬ ಕಾರ್ಡು ಬೇಕು. ಫೋಟೋ ತೋರಿಸಿದ ದಿನ, ಹುತ್ತರಿ ಹಬ್ಬಕ್ಕೆಂದು ಲೈಸೆನ್ಸಿಲ್ಲದೆ ಮನೆಯಲ್ಲೇ ಮಾಡಿ ಮಾಗಲು ಇಟ್ಟ ನಾಲ್ಕು ಭರಣಿ ನೆಲ್ಲಿಕಾಯಿ ವೈನಿನಲ್ಲಿ ಒಂದನ್ನು ಮೊದಲೇ ತೆರೆಯಲು ಯಮುನ ಒಪ್ಪಿದ್ದಳು. ನಿಜ ಹೇಳಿದರೆ ನನಗೆ ಫೋಟೋಗಿಂತ ಭರಣಿಯದೇ ಆತುರ.

ಸಿಕ್ಕಿದ ಕಾರ್ಡು ತಂದರೆ ಆಗದು, ಲಿನಕ್ಸಿಗೆ ಅದರ ಚಿಪ್ಪಿನ ಪರಿಚಯ ಇರಬೇಕು. ಮೂರು ವಾರ ಇಂಟರ್ನೆಟ್ಟಿನಲ್ಲಿ ಘೋರ ತಪಸ್ಸು ಮಾಡಿದೆ. ದುಬಾರಿ ಕಾರ್ಡುಗಳಿಗೆ 'ರೈಡ್' ಎಂಬ ವಿದ್ಯೆ ಗೊತ್ತು. ಒಂದೇ ಫೋಟೋವನ್ನು ಎರಡು ಡಿಸ್ಕಿನಲ್ಲಿಟ್ಟು ಕಾಯುತ್ತವೆ. ಆ ಕೆಲಸವನ್ನು ಲಿನಕ್ಸ್ ತಾನೇ ಬಿಟ್ಟಿಯಾಗಿ ಮಾಡುತ್ತದೆ. ಮತ್ತೆ ನಾನೇಕೆ ದುಡ್ಡು ಸುರಿಯಲಿ?

ಜಗಲಿಯಲ್ಲಿ ಕೂತು ವಿರಾಜಪೇಟೆಯ ಕಂಪ್ಯೂಟರ್ ಅಂಗಡಿಯ ಶಶಿಕುಮಾರನಿಗೆ ಫೋನ್ ಮಾಡಿದೆ.

"ಅಷ್ಟೆಲ್ಲ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ ಶಶಿ. ಕಡಿಮೆಯಲ್ಲಿ ಮುಗಿಸು... ಎಂಥ, ರೈಡಾ? ನಂಗೆ ರೈಡ್ ಬೇಡ ಮಾರಾಯ!... ಹಳೇ ಕಂಟ್ರೋಲರ್ ಆದ್ರೂ ಅಡ್ಡಿಯಿಲ್ಲ... ಸರಿ, ಶುಕ್ರವಾರ ಮನೆಗೇ ಬರ್ಲಿ. ಬಂದ ಕೂಡ್ಲೆ ಒಳಗೆ ಕೂರಿಸ್ತೇನೆ."

ಶುಕ್ರವಾರ ಬಸ್ಸಿನಲ್ಲಿ ಪಾರ್ಸೆಲ್ ಬಂತು. ಕಾರ್ಡು ಸರಿಯಾಗಿ ಕೂತಿತು, ಲಿನಕ್ಸ್ ತಕರಾರಿಲ್ಲದೆ ಒಪ್ಪಿಕೊಂಡಿತು, ಸ್ಕ್ರೀನಿನ ತುಂಬ ಅಶ್ವಿತಾ ನಕ್ಕಳು. ನನಗೆ ಹೆಮ್ಮೆಯಿಂದ ಅಂಗಿಯೇ ಬಿಗಿಯಾಯಿತು.

"ಯಮುನಾ, ಭರಣಿ ತೆಗಿ!"

"ಇಲ್ಲೆ," ಎಂದಳು ಅವಳು, ತವರಿನ ಅರೆಭಾಷೆಯಲ್ಲಿ. (ಅದರಲ್ಲಿ 'ಉಟ್ಟು' ಎಂದರೆ ಇದೆ, 'ತೇಳಿ' ಎಂದರೆ ಅಂತ.)

"ಒಪ್ಪಂದ ಆಗಿತ್ತಲ್ಲ?"

"ಮನೇಲಿ ಭರಣಿಯೇ ಇಲ್ಲೆ. ಇವತ್ತು ಅಬಕಾರಿಯವ್ರ ರೈಡ್ ಉಟ್ಟಲ್ಲ!"

"ಯಾರು ಹೇಳಿದ್ದು?"

"ನೀವೇ! ಕಂಟ್ರೋಲರ್ ಮನೆಗೇ ಬರ್ಲಿ, ಒಳಗೆ ಕೂರಿಸ್ತೇನೆ ತೇಳಿ ಫೋನಿಲಿ ಹೇಳಿದ್ದು ಯಾರು? ಕಡಿಮೆಯಲ್ಲಿ ಮುಗಿಸು ತೇಳಿ ಅಂಥವ್ರಿಗೆ ಕೊಡೋ ಲಂಚಲ್ಲೂ ಚೌಕಾಸಿ! ನಂಗೆ ನಿಮ್ಮ ಬಿಗಿ ಕೈ ಗೊತ್ತುಟ್ಟು. ಅದ್ಕೆ ಮೊನ್ನೆಯೇ ನಾಲ್ಕೂ ಭರಣಿ ಶ್ರೀಮಂಗಲಕ್ಕೆ, ನನ್ನ ತಮ್ಮನ ಮನೆಗೆ ಕಳ್ಸಿದೆ."

ಮೇಜಿನ ಮೇಲಿದ್ದ ಕಾರ್ಡಿನ ಖಾಲಿ ಡಬ್ಬಿಯನ್ನು ಅವಳ ಮುಂದೆ ಹಿಡಿದು, ಬಂದ ಕಂಟ್ರೋಲರ್ ಇವರೇ ಎಂದು ತೋರಿಸಿದೆ. ಅವಳು ಡಬ್ಬಿಯನ್ನೂ ನನ್ನನ್ನೂ ನೋಡಿ, ಸೆರಗು ಬಾಯಿಗೆ ಹಿಡಿದು ನಗುತ್ತ ಅಡುಗೆಮನೆಗೆ ಹೋದಳು. ನನಗೆ ನಗು ಬರಲಿಲ್ಲ. ಆದರೂ ಭರಣಿಗಳು ಸುರಕ್ಷಿತವಾಗಿವೆ ಎಂಬ ಸಮಾಧಾನದಿಂದ ಭಾವಮೈದುನ ಕೀರ್ತಿಕುಮಾರನಿಗೆ ಫೋನ್ ಮಾಡಿದೆ.

"ಹೆದ್ರಬೇಡಿ ಭಾವ," ಎಂದ ಅವನು, ನಾನು ಬಾಯಿ ತೆರೆಯುವ ಮೊದಲೇ. "ಸಾಕ್ಷಿ ಒಂದ್ ತೊಟ್ಟೂ ಇಲ್ಲೆ. ನಾವು ಏಳು ಜನ ಎರಡು ದಿನ ಕಷ್ಟಪಟ್ಟು ಎಲ್ಲ ಮುಗ್ಸಿ, ಭರಣಿ ತೊಳ್ದೂ ಆತ್. ಮುಂದಿನ ರೈಡ್ ಯಾವಾಗ ತೇಳಿ ಸ್ವಲ್ಪ ಮೊದ್ಲೇ ಹೇಳಿ!"